ಕಪಾಟಿನೊಳಗಿನ ನಕ್ಷತ್ರ

ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ತಾಂತ್ರಿಕ ಸಹಾಯಕಿಯಾಗಿದ್ದು ನಿವೃತ್ತಳಾದವಳು ನಾನು. ಇವತ್ತಿಗೂ ಕಲ್ಸಂಕದ ತರಕಾರಿ ಅಂಗಡಿಯಲ್ಲಿ ಯಾರಾದರೂ ಸಿಕ್ಕಿದರೆ, "ವಾರಿಜಕ್ಕ, ನೀವು ನಕ್ಷತ್ರದ ಕೆಲಸದಲ್ಲಿ ಇದ್ದದ್ದಲ್ವಾ? ಮಗಳದ್ದೊಂದು ಜಾತಕ ಉಂಟು, ನೋಡಿ ಹೇಳ್ತೀರಾ?" ಎಂದು ಕೇಳುವುದುಂಟು. ನಮ್ಮ ಮನೆಯವರು ತಲೆಮಾರುಗಳಿಂದ ದೇವಸ್ಥಾನದ ಪೂಜೆ, ಪಂಚಾಂಗ ಎಂದುಕೊಂಡು ಬದುಕಿದವರು. ಆ ಮನೆಯ ಹೆಣ್ಣು ನಕ್ಷತ್ರದ ಲ್ಯಾಬಿಗೆ ಹೋದದ್ದು ಜನರಿಗೆ ಸಹಜವಾಗಿಯೇ ಕಂಡಿರಬೇಕು. ನಿಜ ಹೇಳುವುದಾದರೆ ಕೆಲಸದ ವೇಳೆಯಲ್ಲಿ ನಾನು ಒಂದು ನಕ್ಷತ್ರವನ್ನೂ ನೋಡಿದವಳಲ್ಲ. ನೋಡಿದ್ದೆಲ್ಲ ಪಂಪು, ಪೈಪು, ನಟ್ಟು, ಬೋಲ್ಟು, ಮತ್ತು ಅವುಗಳ ಸಂದಿಯಲ್ಲಿ ಒಳನುಗ್ಗುವ ಗಾಳಿ.

ಇಂಥ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕೆಲವೊಮ್ಮೆ ಮನೆಗೆ ಬಂದು ಅನುಭವ ಹೇಳಿ ಎನ್ನುತ್ತಾರೆ. ಬಡ್ತಿ ಸಿಕ್ಕಿದ ಕಥೆ ಹೇಳಿದರೆ ಅವರಿಗೆ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಆದ್ದರಿಂದ ಕೆಡಿಸಿದ ಕಥೆಗಳನ್ನೇ ಬರೆಯುತ್ತಿದ್ದೇನೆ. ಆ ಬಾಬ್ತಿನಲ್ಲಿ ನನಗೆ ಸಾಮಗ್ರಿಯ ಕೊರತೆಯಿಲ್ಲ.

ತೊಂಬತ್ತರ ದಶಕದ ಕೊನೆಯವರೆಗೆ ನಾನು ಬಿ.ಎಸ್ಸಿ. ಮಕ್ಕಳಿಗೆ ಲೋಲಕ, ಮಸೂರ, ತಂತಿ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವ ಕೆಲಸ ಮಾಡುತ್ತಿದ್ದೆ. ಒಂದು ದಿನ ಕೆದ್ಲಾಯ ಸರ್ ಕರೆದರು. ತೆಳ್ಳಗೆ, ಉದ್ದಕ್ಕೆ, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ನಶ್ಯದ ಡಬ್ಬಿ ಇಟ್ಟುಕೊಂಡಿದ್ದ ಮನುಷ್ಯ. ಹೊಸ ಲ್ಯಾಬು ಕಟ್ಟುತ್ತಿದ್ದರು.

"ನಿಮಗೆ ಎಂತ ಗೊತ್ತುಂಟು?" ಎಂದು ಕೇಳಿದರು.

"ಲೋಲಕ ಗೊತ್ತುಂಟು ಸರ್."

"ಸಾಕು. ಅದು ನಿಲ್ಲುವವರೆಗೆ ಕಾಯಲು ಬರ್ತದಲ್ಲ? ನಮಗೆ ಬೇಕಾದದ್ದು ಅಷ್ಟೇ."

ಹಾಗೆ ನಾನು ಸೇರಿದೆ. ಏನು ಹುಡುಕುತ್ತಿದ್ದೇವೆ ಎಂಬುದು ಮೊದಲ ಮೂರು ತಿಂಗಳು ನನಗೆ ತಿಳಿದಿರಲಿಲ್ಲ. ಕೇಳಲು ನಾಚಿಕೆ. ಸರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ. ಅವರಿಗೆ ಅದು ಗೊತ್ತಾಗಿತ್ತು ಎಂದು ಕಾಣುತ್ತದೆ. ಒಂದು ಶನಿವಾರ ಸಂಜೆ ನನ್ನನ್ನೂ, ಅವರ ಸಂಶೋಧನಾ ವಿದ್ಯಾರ್ಥಿನಿ ಜೆಸಿಂತಾಳನ್ನೂ ಕಾಪುವಿನ ದೀಪಸ್ತಂಭದ ಬುಡಕ್ಕೆ ಕರೆದುಕೊಂಡು ಹೋದರು. ಕೈಯಲ್ಲಿ ಹಿಡಿಯುವ ಒಂದು ಸಣ್ಣ ಕೊಳವೆ ಕೊಟ್ಟು, ಮುಳುಗುವ ಸೂರ್ಯನ ಪಕ್ಕದ ಆಕಾಶವನ್ನು ಅದರಲ್ಲಿ ನೋಡಲು ಹೇಳಿದರು. ಬೆಳಕು ಬಣ್ಣಬಣ್ಣದ ಪಟ್ಟಿಯಾಗಿ ಹಾಸಿಕೊಂಡಿತ್ತು. ಅದರ ನಡುವೆ ಅಲ್ಲಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆಗಳು.

"ಆ ಕಪ್ಪು ಗೆರೆ ಇದ್ದಲ್ಲಿ ಬೆಳಕನ್ನು ಯಾರೋ ತಿಂದಿದ್ದಾರೆ," ಎಂದರು ಸರ್. "ಸೂರ್ಯನದ್ದರಲ್ಲಿ ಯಾರು ತಿಂದದ್ದು ಎಂದು ನಮಗೆ ಗೊತ್ತುಂಟು. ದೂರದ ನಕ್ಷತ್ರಗಳ ಬೆಳಕು ನಮ್ಮಲ್ಲಿಗೆ ಬರುವಾಗ ದಾರಿಯಲ್ಲಿ ಇನ್ನೂ ನೂರಾರು ಕಡೆ ತಿಂದವರಿದ್ದಾರೆ. ಯಾರು ಎಂದು ಗೊತ್ತಿಲ್ಲ. ಇಂಗಾಲದ ದೊಡ್ಡ ದೊಡ್ಡ ಅಣುಗಳು ಇರಬಹುದು ಎಂದು ಅನುಮಾನ. ಅಂಥ ಒಂದೊಂದೇ ಅಣುವನ್ನು ಹಿಡಿದು ತಂದು, ಇದು ಎಲ್ಲಿ ಬೆಳಕು ತಿನ್ನುತ್ತದೆ ಎಂದು ನಾವು ಲ್ಯಾಬಿನಲ್ಲಿ ನೋಡುವುದು. ಎರಡೂ ಗೆರೆ ಒಂದೇ ಜಾಗದಲ್ಲಿ ಬಂದರೆ ಕಳ್ಳ ಸಿಕ್ಕಿದ."

ನನಗೆ ಆ ದಿನ ಕೆಲಸದ ಮೇಲೆ ಪ್ರೀತಿ ಹುಟ್ಟಿತು. ಬಂದ ಉತ್ಸಾಹ ಎಷ್ಟೆಂದರೆ, ಬಸ್ಸಿನಲ್ಲಿ ಬರುವಾಗ ಜೆಸಿಂತಾ "ಈ ಅಣುಗಳು ಮಸಿಯಲ್ಲಿ ಸಹ ಇರ್ತವೆ ವಾರಿಜಕ್ಕ" ಎಂದದ್ದೇ ಸಾಕಾಯಿತು. ಸೋಮವಾರ ನಾನು ನಮ್ಮ ಮನೆಯ ದೇವರ ದೀಪದ ಮಸಿ, ದೋಸೆ ಕಾವಲಿಯ ಅಡಿಯ ಮಸಿ, ಬಚ್ಚಲೊಲೆಯ ಮಸಿ ಮೂರನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಹೆಸರು ಬರೆದು ಸರ್ ಮೇಜಿನ ಮೇಲಿಟ್ಟೆ. ಅವರು ನಗಲಿಲ್ಲ. ಮೂರನ್ನೂ ಯಂತ್ರಕ್ಕೆ ಹಾಕಿಸಿದರು. ಮೂರೂ ಎಲ್ಲ ಬಣ್ಣವನ್ನೂ ಒಂದೇ ಸಮನೆ ನುಂಗಿದವು. "ನೋಡಿ," ಎಂದರು, "ಇದಕ್ಕೇ ಮಸಿಗೆ ಮಸಿ ಎನ್ನುವುದು." ಬಚ್ಚಲೊಲೆಯ ಮಸಿ ತೊಳೆದು ತೆಗೆಯಲು ನನಗೆ ಎರಡು ದಿನ ಹಿಡಿಯಿತು.

ಆಗ ನಮ್ಮಲ್ಲಿ ಗೆರೆ ಬರೆಯುತ್ತಿದ್ದದ್ದು ಪೆನ್ನು. ಕಾಗದದ ಸುರುಳಿ ನಿಧಾನವಾಗಿ ಸರಿಯುತ್ತಿತ್ತು, ಅದರ ಮೇಲೆ ಶಾಯಿಯ ಪೆನ್ನು ಏರಿಳಿಯುತ್ತಿತ್ತು. ಶಾಯಿ ಕಟ್ಟಿಕೊಂಡರೆ ಬಾಯಿಂದ ಊದಿ ಬಿಡಿಸಬೇಕು. ಒಮ್ಮೆ ಊದುವ ಬದಲು ಎಳೆದುಬಿಟ್ಟೆ. ಆ ಸಂಜೆ ನೀಲಿ ತುಟಿಯೊಂದಿಗೆ ಬಸ್ಸು ಹತ್ತಿದವಳನ್ನು ನೋಡಿ ಕಂಡಕ್ಟರ್, "ಹೃದಯದ ಕಾಯಿಲೆಯಾ ಅಕ್ಕ? ಕೂತುಕೊಳ್ಳಿ, ಕೂತುಕೊಳ್ಳಿ," ಎಂದು ಒಬ್ಬರನ್ನು ಎಬ್ಬಿಸಿ ಸೀಟು ಕೊಡಿಸಿದ. ನಾನೂ ಕೂತೆ. ಮುಂದೆ ಕಂಪ್ಯೂಟರ್ ಬಂತು. ಗೆರೆಗಳು ಪರದೆಯ ಮೇಲೆ ಮೂಡತೊಡಗಿದವು. ಕೆಲಸ ಬೇಗ ಆಯಿತು, ಸೀಟು ಮಾತ್ರ ಮತ್ತೆ ಯಾರೂ ಕೊಡಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಒಂದು ಉಕ್ಕಿನ ಡಬ್ಬಿಯೊಳಗಿಂದ ಗಾಳಿಯನ್ನೆಲ್ಲ ಪಂಪಿನಿಂದ ತೆಗೆಯಬೇಕು. ಒಳಗೆ ನಾಣ್ಯದಷ್ಟು ಅಗಲದ ಪಾರದರ್ಶಕ ಬಿಲ್ಲೆಯೊಂದನ್ನು ಸೊನ್ನೆಗಿಂತ ಇನ್ನೂರೈವತ್ತು ಡಿಗ್ರಿಗೂ ಕೆಳಗೆ ತಣಿಸಬೇಕು. ದೊಡ್ಡ ಅಣುವಿನ ಪುಡಿಯನ್ನು ಪುಟ್ಟ ಒಲೆಯಲ್ಲಿ ಬಿಸಿ ಮಾಡಿ ಆವಿಯಾಗಿಸಿ, ಆರ್ಗಾನ್ ಅನಿಲದ ಜೊತೆ ಆ ಬಿಲ್ಲೆಯ ಮೇಲೆ ಹಿಮದಂತೆ ಕೂರಿಸಬೇಕು. ನೇರಳಾತೀತ ದೀಪ ಹಾಯಿಸಿ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತು ಹಾಕಬೇಕು; ಬಾಹ್ಯಾಕಾಶದಲ್ಲಿ ಅವು ಹಾಗೆಯೇ ಇರುತ್ತವಂತೆ. ಆಮೇಲೆ ಬಿಳಿ ಬೆಳಕು ಹಾಯಿಸಿ ಯಾವ ಬಣ್ಣ ಕಾಣೆಯಾಯಿತು ಎಂದು ನೋಡಬೇಕು. ಇಷ್ಟಕ್ಕೆ ಎರಡು ದಿನ. ನಡುವೆ ಕರೆಂಟು ಹೋದರೆ ಮೊದಲಿನಿಂದ.

ಡಬ್ಬಿಯ ಕೀಲುಗಳಿಗೆ ರಬ್ಬರ್ ಬಳೆ ಹಾಕುತ್ತಿದ್ದೆವು, ಗಾಳಿ ನುಸುಳದಂತೆ. ಒಂದು ಮಳೆಗಾಲದಲ್ಲಿ ಎಲ್ಲಿಂದಲೋ ಗಾಳಿ ನುಗ್ಗತೊಡಗಿತು. ಹನ್ನೊಂದು ದಿನ ಹುಡುಕಿದೆವು. ಪಂಪು ಬಿಚ್ಚಿದೆವು, ಪೈಪು ಬದಲಿಸಿದೆವು, ಪಂಪು ಮಾರಿದವರಿಗೆ ಸರ್ ಒಂದು ಖಾರವಾದ ಪತ್ರವನ್ನೂ ಬರೆದರು. ಹನ್ನೆರಡನೆಯ ದಿನ ಜೆಸಿಂತಾ ಒಂದು ಬಳೆಯನ್ನು ಬೆಳಕಿಗೆ ಹಿಡಿದು, ಅದಕ್ಕೆ ಅಡ್ಡಲಾಗಿ ಅಂಟಿದ್ದ ಉದ್ದನೆಯ ಕೂದಲೊಂದನ್ನು ಎರಡು ಬೆರಳಲ್ಲಿ ಎತ್ತಿದಳು. ಅವಳದ್ದು ಕತ್ತರಿಸಿದ ಗಿಡ್ಡ ಕೂದಲು. ಸರ್ ತಲೆಯಲ್ಲಿ ಕೂದಲೇ ಇರಲಿಲ್ಲ. ಲ್ಯಾಬಿನಲ್ಲಿ ಮೊಣಕಾಲವರೆಗಿನ ಜಡೆ ನನ್ನದೊಂದೇ.

ಆ ಅವಮಾನದಿಂದ ನಾನು ಅತಿ ಅಚ್ಚುಕಟ್ಟಿನವಳಾದೆ. ಕಾರಣ ಕೇಳಿದರೆ ಇದೇ, ಮುಂದಿನದ್ದಕ್ಕೆಲ್ಲ ಇದೇ ಮೂಲ. ತಲೆಗೆ ಬಟ್ಟೆ ಕಟ್ಟಿಕೊಂಡೆ. ಬಳೆಗಳನ್ನೆಲ್ಲ ಒರೆಸಿ, ಗಾತ್ರದಂತೆ ಜೋಡಿಸಿ, ಸ್ಟೀಲಿನ ಕಪಾಟಿನೊಳಗಿಟ್ಟೆ. ಲ್ಯಾಬಿನ ಕಡತಗಳನ್ನೂ, ಸರ್ ಓದಿ ಗೆರೆ ಎಳೆದ ಲೇಖನಗಳ ಜೆರಾಕ್ಸ್ ಕಟ್ಟುಗಳನ್ನೂ ಅದರಲ್ಲೇ ಇಟ್ಟೆ. ಮಣಿಪಾಲದ ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುವುದಲ್ಲದೆ ಬೆಳ್ಳಿಹುಳ ಬೇರೆ. ನಮ್ಮ ಮನೆಯಲ್ಲಿ ರೇಷ್ಮೆ ಸೀರೆಯ ಪೆಟ್ಟಿಗೆಗೆ ಅಮ್ಮ ಏನು ಮಾಡುತ್ತಿದ್ದಳೋ ಅದನ್ನೇ ನಾನು ಕಪಾಟಿಗೂ ಮಾಡಿದೆ. ಪ್ರತಿ ಅರೆಯಲ್ಲೂ ಐದೈದು ನುಸಿಗುಳಿಗೆ. ಆ ಬಿಳಿಯ ಉಂಡೆಗಳನ್ನು ಜೋಡಿಸಿದಾಗ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಆ ವರ್ಷ ಜೆಸಿಂತಾಳದ್ದು ಸಂಶೋಧನೆಯ ಐದನೆಯ ವರ್ಷ. ಅವಳು ಕಾರ್ಕಳದವಳು, ತಂದೆ ಕರಿಕಲ್ಲು ಕೆತ್ತುವ ಕೆಲಸದವರು. ಎರಡು ಅಣುಗಳನ್ನು ಅಳೆದಾಗಿತ್ತು, ಎರಡಕ್ಕೂ ನಕ್ಷತ್ರಗಳ ಕಪ್ಪು ಗೆರೆಗಳನ್ನು ಬರೆದಿಟ್ಟ ಪಟ್ಟಿಯಲ್ಲಿ ಜೊತೆ ಸಿಕ್ಕಿರಲಿಲ್ಲ. ಮೂರನೆಯದು ಏಳು ಉಂಗುರಗಳ ದೊಡ್ಡ ಅಣು. ಶ್ರಾವಣದ ಒಂದು ಮಧ್ಯಾಹ್ನ ಅವಳು ಪರದೆಯ ಮುಂದೆ ಕೂತಿದ್ದವಳು ಎದ್ದು ನಿಂತಳು.

"ವಾರಿಜಕ್ಕ, ಇಲ್ಲಿ ಬನ್ನಿ. ಇದು ಎಂತ ಮಾರಾಯ್ತಿ!"

ಕೆಂಪು ಬಣ್ಣದ ಜಾಗದಲ್ಲಿ ಒಂದು ಚೂಪಾದ ತಗ್ಗು. ಪಟ್ಟಿ ತೆಗೆದು ನೋಡಿದರೆ, ನಕ್ಷತ್ರದ ಬೆಳಕಿನಲ್ಲೂ ಅದರ ಹತ್ತಿರದಲ್ಲೇ ಒಂದು ಗೆರೆ. ಸರ್ ಬಂದರು. ಮೂರು ಸಲ ನೋಡಿದರು. ನಶ್ಯದ ಡಬ್ಬಿ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು.

"ಆರ್ಗಾನಿನೊಳಗೆ ಗೆರೆ ಸ್ವಲ್ಪ ಸರಿಯುತ್ತದೆ. ಹತ್ತಿರ ಬಂದಿದೆ ಎಂದಷ್ಟೇ ಹೇಳಬಹುದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಖಾಲಿ ಓಟ ಮಾಡಿದ್ದೀರಲ್ಲ?" ಎಂದು ಕೇಳಿದರು.

ಖಾಲಿ ಓಟ ಎಂದರೆ ಅಣುವಿನ ಪುಡಿಯನ್ನೇ ಹಾಕದೆ, ಬರೀ ಆರ್ಗಾನ್ ಬಿಟ್ಟು ಇಡೀ ಪ್ರಯೋಗವನ್ನು ಒಮ್ಮೆ ಮಾಡುವುದು. ಆಗಲೂ ಗೆರೆ ಬಂದರೆ ಅದು ಅಣುವಿನದ್ದಲ್ಲ, ನಮ್ಮ ಕೊಳೆಯದ್ದು ಎಂದರ್ಥ. ಪ್ರತಿ ಅಣುವಿಗೂ ಮೊದಲು ಅದನ್ನು ಮಾಡುವುದು ನನ್ನ ಕೆಲಸ. ಆ ಸಲ ಕರೆಂಟು ಎರಡು ಬಾರಿ ಹೋಗಿತ್ತು, ಮನೆಯಲ್ಲಿ ಹಬ್ಬದ ತಯಾರಿ. ಹಿಂದಿನ ಅಣುವಿಗೆ ಮಾಡಿದ ಖಾಲಿ ಓಟವೇ ಚೆನ್ನಾಗಿತ್ತಲ್ಲ ಎಂದು ಅದನ್ನೇ ಹೊಸ ಹೆಸರಿನಲ್ಲಿ ಇಟ್ಟು, ಪುಸ್ತಕದಲ್ಲಿ "ಸರಿ ಇದೆ" ಎಂದು ಬರೆದಿದ್ದೆ. ಕಪಾಟು ಜೋಡಿಸಿದ್ದು ಆ ಹಿಂದಿನ ಓಟಕ್ಕೂ ಈಚೆಗೆ.

"ಮಾಡಿದ್ದೇನೆ ಸರ್," ಎಂದೆ.

ಲೇಖನ ಬರೆದು ಕಳಿಸಿದರು. ದೂರದ ಊರಿನಲ್ಲಿ ನಡೆಯುವ ಸಮ್ಮೇಳನವೊಂದರಲ್ಲಿ ಮಾತಾಡಲು ಸರ್‌ಗೆ ಕರೆ ಬಂತು. ಜೆಸಿಂತಾ ಕಾರ್ಕಳದಿಂದ ಒಂದು ಡಬ್ಬಿ ತುಂಬ ಸಿಹಿ ತಂದಳು. ನಾನು ಮನೆಯಲ್ಲಿ, ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದೆ: ನಾವು ನಕ್ಷತ್ರದಲ್ಲಿ ಒಂದು ಅಣು ಹಿಡಿದಿದ್ದೇವೆ. "ನಾವು" ಎನ್ನುವಾಗ ಸ್ವಲ್ಪ ನಿಲ್ಲಿಸಿ ಹೇಳುತ್ತಿದ್ದೆ.

ನಮ್ಮ ಲ್ಯಾಬನ್ನು ಗುಡಿಸಿ ಒರೆಸುತ್ತಿದ್ದವಳು ಯಲ್ಲವ್ವ. ಬಾಗಲಕೋಟೆ ಕಡೆಯವಳು. ಗಂಡ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಂದವನು, ಅವನ ಹಿಂದೆ ಬಂದವಳು ಇವಳು. ನಾನು ಕಪಾಟು ಜೋಡಿಸುವ ಮೊದಲೇ ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಊರಿಗೆ ಹೋಗಿದ್ದಳು. ತಿರುಗಿ ಬಂದ ಮೊದಲ ದಿನ ಬೆಳಿಗ್ಗೆ, ಲ್ಯಾಬಿನಲ್ಲಿ ನಾವಿಬ್ಬರೇ. ಅವಳು ಪೊರಕೆ ಹಿಡಿದು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು.

"ಅಕ್ಕಾರ, ಇಲ್ಲಿ ಯಾರರ ಸೀರಿ ಇಟ್ಟೀರೇನ್ರಿ?"

"ಲ್ಯಾಬಿನಲ್ಲಿ ಎಂತ ಸೀರೆ ಯಲ್ಲವ್ವ?"

"ಮತ್ತ ಡಾಂಬರ ಗುಳಿಗಿ ವಾಸ್ನಿ ಮೂಗಿಗೆ ಹೊಡಿಯಾಕತ್ತೈತಲ್ರಿ. ನಮ್ಮವ್ವನ ಟ್ರಂಕ್ ತಗದಂಗ ಆಗೇತಿ." ಅವಳು ಮೇಜಿನ ಮೇಲಿದ್ದ ಒಂದು ರಬ್ಬರ್ ಬಳೆಯನ್ನು ಎತ್ತಿ ಮೂಸಿದಳು. "ನೋಡ್ರಿ, ಈ ಬಳಿನೂ ಅದ ವಾಸ್ನಿ ಕುಡದೈತಿ."

ನಾನು ಮೂಸಿ ನೋಡಿದೆ. ನನಗೆ ಏನೂ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಆ ವಾಸನೆಯ ಸೀರೆ ಉಟ್ಟ ಹೆಂಗಸರ ಮಡಿಲಲ್ಲಿ ಬೆಳೆದವಳು ನಾನು. ಸರ್ ಮೂಗನ್ನು ನಶ್ಯ ಕೊಂದು ಎಷ್ಟೋ ವರ್ಷವಾಗಿತ್ತು. ಜೆಸಿಂತಾ ದಿನಕ್ಕೆ ಹತ್ತು ತಾಸು ಅಲ್ಲೇ ಕೂತು ಅದಕ್ಕೆ ಒಗ್ಗಿಹೋಗಿದ್ದಳು.

ಬಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಲೆಕ್ಕ ಹಾಕಿದೆ. ನುಸಿಗುಳಿಗೆ ಎಂದರೆ ನಾಫ್ತಲೀನ್. ನಾಫ್ತಲೀನ್ ಎಂದರೆ ಇಂಗಾಲದ ಎರಡು ಉಂಗುರಗಳ ಅಣು. ನಾವು ಹುಡುಕುತ್ತಿದ್ದ ದೊಡ್ಡ ಅಣುಗಳ ಮನೆತನದಲ್ಲೇ ಅತಿ ಸಣ್ಣ ಕೂಸು. ಜೆಸಿಂತಾ ಒಮ್ಮೆ ನನಗೆ ಪಾಠ ಹೇಳುವಾಗ ಮೊದಲು ಬರೆದು ತೋರಿಸಿದ್ದೇ ಅದನ್ನು. ಕಪಾಟು ತೆರೆದೆ. ಗುಳಿಗೆಗಳು ಕರಗಿ ಕಡಲೆ ಗಾತ್ರಕ್ಕೆ ಬಂದಿದ್ದವು. ಅಷ್ಟೆಲ್ಲ ಎಲ್ಲಿಗೆ ಹೋಯಿತು? ರಬ್ಬರ್ ಬಳೆ ಕುಡಿದಿತ್ತು. ಬಳೆಯಿಂದ ಡಬ್ಬಿಯೊಳಗೆ, ಅಲ್ಲಿಂದ ತಣ್ಣನೆಯ ಬಿಲ್ಲೆಯ ಮೇಲೆ. ಕೆಳಗಿನ ಅರೆಯ ಜೆರಾಕ್ಸ್ ಕಟ್ಟಿನಲ್ಲಿ ನಾಫ್ತಲೀನಿನ ಲೇಖನವೇ ಇತ್ತು, ಬೆಳ್ಳಿಹುಳ ಮುಟ್ಟದೆ ಹೊಸದರಂತೆ. ಅದು ಎಲ್ಲಿ ಬೆಳಕು ತಿನ್ನುತ್ತದೆ ಎಂದು ಬರೆದ ಸಾಲಿನ ಕೆಳಗೆ ಸರ್ ಎಳೆದ ಪೆನ್ಸಿಲ್ ಗೆರೆ. ಅದೇ ಕೆಂಪು. ಅದೇ ಜಾಗ.

ಇಲ್ಲಿಯವರೆಗಿನದ್ದು ತಮಾಷೆ. ಮುಂದಿನ ಎಂಟು ದಿನ ನಾನು ಮಾಡಿದ್ದಕ್ಕೆ ತಮಾಷೆಯ ಹೆಸರು ಕೊಡಲಾರೆ. ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಹೊರಗೆ ಎಸೆದೆ. ಹಳೆಯ ಬಳೆಗಳನ್ನೂ ಎಸೆದೆ. ಪ್ಯಾಕೆಟು ಒಡೆಯದ ಹೊಸ ಬಳೆ ತಂದು ಹಾಕಿದೆ. ಯಲ್ಲವ್ವನಿಗೆ, "ಜಿರಳೆಗೆ ಇಟ್ಟದ್ದು, ತೆಗೆದೆ," ಎಂದೆ. ಸರ್‌ಗೂ ಜೆಸಿಂತಾಳಿಗೂ ಏನೂ ಹೇಳಲಿಲ್ಲ. ಗೆರೆ ಅಣುವಿನದ್ದೇ ಆಗಿದ್ದರೂ ಆಗಿರಬಹುದು, ಬಳೆ ಬದಲಿಸಿದರೂ ಉಳಿಯಬಹುದು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಅಷ್ಟಮಠದ ಕೃಷ್ಣನಿಗೆ ತುಪ್ಪದ ದೀಪವನ್ನೂ ಹರಕೆ ಹೇಳಿದೆ.

ಕೃಷ್ಣ ಕೇಳಲಿಲ್ಲ. ಮುಂದಿನ ಓಟದಲ್ಲಿ ಗೆರೆ ಇಲ್ಲ.

ಜೆಸಿಂತಾ ಮತ್ತೆ ಮಾಡಿದಳು. ಇಲ್ಲ. ದೀಪ ಬದಲಿಸಿದಳು. ಪುಡಿ ಬದಲಿಸಿದಳು. ಒಲೆಯನ್ನು ಬಿಚ್ಚಿ ಕಟ್ಟಿದಳು. ಮಧ್ಯಾಹ್ನದ ಬುತ್ತಿ ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಿದ್ದಳು.

"ನಾನೇ ಎಂತದೋ ಕೆಡಿಸಿದ್ದೇನೆ ವಾರಿಜಕ್ಕ," ಎಂದಳು ಆರನೆಯ ದಿನ. ಕಣ್ಣು ಕೆಂಪಾಗಿತ್ತು. "ಮೊದಲು ಮಾಡುವಾಗ ಸರಿ ಮಾಡಿದ್ದೆ, ಈಗ ಕೈ ಬರುವುದಿಲ್ಲ. ಮೊನ್ನೆ ಎಂತ ಮಾಡಿದ್ದೆ ಎಂದೇ ನೆನಪಾಗುವುದಿಲ್ಲ. ನಿಮಗೆ ಎಂತಾದರೂ ನೆನಪುಂಟಾ?"

ನಾನು ಪಂಪಿನ ಎಣ್ಣೆ ನೋಡುವ ನೆವದಲ್ಲಿ ಬಗ್ಗಿದೆ. "ಇಲ್ಲ," ಎಂದೆ.

ಎಂಟನೆಯ ದಿನ. ಮಾರನೆಯ ಬೆಳಿಗ್ಗೆ ಸರ್ ಸಮ್ಮೇಳನಕ್ಕೆ ರೈಲು ಹತ್ತುವವರಿದ್ದರು. ಜೆಸಿಂತಾ ಅವರ ಮೇಜಿನ ಮುಂದೆ ನಿಂತು, "ಸರ್, ನನ್ನಿಂದ ಇದು ಆಗುವುದಿಲ್ಲ. ನಾನು ಬಿಟ್ಟುಬಿಡುತ್ತೇನೆ. ಕಾರ್ಕಳದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಖಾಲಿ ಉಂಟಂತೆ," ಎನ್ನುತ್ತಿರುವುದು ಬಾಗಿಲಾಚೆ ನಿಂತ ನನಗೆ ಕೇಳಿಸಿತು. ಒಳಗೆ ಹೋದೆ.

"ಸರ್, ಅದು ನುಸಿಗುಳಿಗೆ."

"ಎಂತ?"

"ಗೆರೆ. ಅದು ನಾಫ್ತಲೀನಿನದ್ದು. ಕಪಾಟಿನಲ್ಲಿ ನಾನೇ ಇಟ್ಟದ್ದು. ಹೋದ ಸೋಮವಾರದಿಂದ ಗೊತ್ತುಂಟು ನನಗೆ."

ಸರ್ ಓಟದ ಪುಸ್ತಕವನ್ನು ಎಳೆದುಕೊಂಡು ತೆರೆದರು. "ಖಾಲಿ ಓಟದಲ್ಲಿ ಯಾಕೆ ಬರಲಿಲ್ಲ ಹಾಗಾದರೆ?" ಎಂದು ಮೆಲ್ಲಗೆ ಕೇಳಿದರು. ಅವರಿಗೆ ಉತ್ತರ ಆಗಲೇ ತಿಳಿದಿತ್ತು ಎಂದುಕೊಳ್ಳುತ್ತೇನೆ.

"ಮಾಡಲಿಲ್ಲ ಸರ್. ಹಳೆಯದನ್ನೇ ಇಟ್ಟೆ."

ಜೆಸಿಂತಾ ನನ್ನನ್ನು ನೋಡಿದಳು. ಚೀಲ ಎತ್ತಿಕೊಂಡು ಹೊರಗೆ ಹೋದಳು. ಮೆಟ್ಟಿಲಿಳಿಯುವ ಚಪ್ಪಲಿ ಸದ್ದು ಕೊನೆಯವರೆಗೂ ಕೇಳಿಸಿತು.

ಸರ್ ಕಪಾಟಿನಿಂದ ಆ ಜೆರಾಕ್ಸ್ ತರಿಸಿದರು. ತಾವೇ ಎಳೆದ ಗೆರೆಯ ಮೇಲೆ ಬೆರಳಿಟ್ಟು ಕೂತರು. "ನೀವು ಸುಳ್ಳು ಬರೆದಿರಿ. ಅದು ಸಣ್ಣದಲ್ಲ," ಎಂದರು. "ಆದರೆ ಇದನ್ನು ಓದಿ ಗೆರೆ ಎಳೆದವನು ನಾನು. ಆ ಗೆರೆ ಪರದೆಯಲ್ಲಿ ಬಂದಾಗ ನನಗೆ ಗುರುತು ಸಿಗಬೇಕಿತ್ತು. ಸಿಗಲಿಲ್ಲ, ಯಾಕೆಂದರೆ ಸಿಗುವುದು ನನಗೆ ಬೇಕಿರಲಿಲ್ಲ." ಅವತ್ತೇ ಲೇಖನವನ್ನು ಹಿಂದೆ ಪಡೆಯುವ ಪತ್ರ ಬರೆದರು. ಸಮ್ಮೇಳನಕ್ಕೆ ಹೋಗಿ, ಕೊಟ್ಟ ಸಮಯದಲ್ಲಿ ನುಸಿಗುಳಿಗೆಯ ಕಥೆಯನ್ನೇ ಹೇಳಿ ಬಂದರು. "ಜನ ನಕ್ಕರಾ ಸರ್?" ಎಂದು ಕೇಳಿದೆ. "ಮೊದಲು ನಕ್ಕರು. ಆಮೇಲೆ ನಾಲ್ಕು ಜನ ಫೋನು ಹುಡುಕಿಕೊಂಡು ಹೋದರು, ತಮ್ಮ ತಮ್ಮ ಲ್ಯಾಬಿನ ಕಪಾಟು ನೋಡಿಸಲು," ಎಂದರು. ನನ್ನ ಮೇಲೆ ಅವರು ದೂರು ಕೊಡಲಿಲ್ಲ. ಅದರ ಬದಲು ಹಿಂದಿನ ಎಲ್ಲ ಅಣುಗಳ ಖಾಲಿ ಓಟವನ್ನೂ ಮತ್ತೆ ಮಾಡಿಸಿದರು. ದೂರೇ ವಾಸಿಯಿತ್ತು.

ಜೆಸಿಂತಾ ಒಂದು ವಾರ ಬರಲಿಲ್ಲ. ಭಾನುವಾರ ನಾನು ಕಾರ್ಕಳದ ಬಸ್ಸು ಹತ್ತಿದೆ. ಹಿರಿಯಡ್ಕ ದಾಟುವವರೆಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಅಲ್ಲಿಂದ ಮುಂದೆ ಇಳಿದು ತಿರುಗಿ ಹೋಗಲು ಕಾರಣ ಹುಡುಕಿದೆ. ಮನೆಯಂಗಳದಲ್ಲಿ ಅವಳ ತಂದೆ ಕಲ್ಲಿನ ಮುಂದೆ ಕೂತಿದ್ದರು, ಉಳಿ ಕೆಳಗಿಟ್ಟು "ಬನ್ನಿ ಬಾಯಿ" ಎಂದರು; ಕೊಂಕಣಿಯಲ್ಲಿ ಬಾಯಿ ಎಂದರೆ ಅಕ್ಕ ಎಂದಂತೆ. ಅವರಿಗೆ ಏನೂ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ.

ಜೆಸಿಂತಾ ಬಾಗಿಲಿಗೆ ಬಂದಳು. ಬಾಯಿಪಾಠ ಮರೆತುಹೋಯಿತು.

"ನನ್ನಿಂದ ತಪ್ಪಾಯಿತು. ಎಂಟು ದಿನ ನೀನು ಅಳುವುದನ್ನು ನೋಡಿಕೊಂಡು ಸುಮ್ಮನಿದ್ದೆ," ಎಂದೆ.

"ಗುಳಿಗೆ ಇಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ ವಾರಿಜಕ್ಕ. ಅದು ಯಾರಿಗೂ ಆಗ್ತದೆ. ನೆನಪುಂಟಾ ಎಂದು ನಾನು ಕೇಳಿದಾಗ ಇಲ್ಲ ಅಂದಿರಲ್ಲ, ಅದು." ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಊಟ ಮಾಡಿ ಹೋಗಿ. ಉಳಿದದ್ದು ಆಮೇಲೆ ನೋಡುವ," ಎಂದಳು.

ಅವಳ ತಾಯಿ ಇಡ್ಲಿಯಂಥ ಬಿಳಿಯ ಸಾನ್ನ ಬಡಿಸಿದರು, ನನಗಾಗಿ ಬೇರೆಯೇ ತರಕಾರಿ ಪದಾರ್ಥ ಮಾಡಿ. ಹೊರಗೆ ಊಟ ಮಾಡಿ ಅಭ್ಯಾಸವಿಲ್ಲದವಳು ಅವತ್ತು ನಾಲ್ಕು ತಿಂದೆ. ಬೇಡ ಎನ್ನುವ ಮುಖ ನನಗಿರಲಿಲ್ಲ. ಹಿಟ್ಟು ಹುಳಿಯಲು ಅದಕ್ಕೆ ಕಳ್ಳು ಹಾಕುತ್ತಾರೆ ಎಂದು ತಿಳಿದದ್ದು ವರ್ಷದ ನಂತರ. ಅಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ. ಆ ಸುಳ್ಳಿಗೆ ಮಾತ್ರ ನಾನು ಪಶ್ಚಾತ್ತಾಪಪಟ್ಟಿಲ್ಲ.

ಬುಧವಾರ ಜೆಸಿಂತಾ ಲ್ಯಾಬಿಗೆ ಬಂದಳು. ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿರಲಿಲ್ಲ. ಆದರೆ ನನ್ನೊಡನೆ ಮಾತು ಕೆಲಸಕ್ಕೆ ಬೇಕಾದಷ್ಟೇ. ಪಂಪು ಹಾಕಿ. ಪಂಪು ನಿಲ್ಲಿಸಿ. ಹೀಗೆ ನಾಲ್ಕು ತಿಂಗಳು ನಡೆಯಿತು. ನಾನು ಮಾಡಿದ ಪ್ರತಿ ಖಾಲಿ ಓಟವನ್ನೂ ಅವಳು ಮತ್ತೊಮ್ಮೆ ತಾನೇ ಮಾಡುತ್ತಿದ್ದಳು. ಮಾಡಲಿ ಎಂದು ನಾನು ಪಕ್ಕದಲ್ಲಿ ನಿಂತು ಆರ್ಗಾನಿನ ನಳ್ಳಿ ತಿರುಗಿಸಿ ಕೊಡುತ್ತಿದ್ದೆ.

ಬೇಸಿಗೆಯ ಒಂದು ಮಧ್ಯಾಹ್ನ ನಾನು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದಾಗ ಅವಳು ಓಡುತ್ತಾ ಬಂದಳು. ಏದುಸಿರು.

"ವಾರಿಜಕ್ಕ, ಬಿಲ್ಲೆ ಒಡೆಯಿತು. ತಣ್ಣಗಿರುವಾಗಲೇ ನಾನು ಡಬ್ಬಿಯೊಳಗೆ ಗಾಳಿ ಬಿಟ್ಟೆ, ಎಲ್ಲಿಯೋ ಯೋಚನೆ. ನನ್ನದೇ ತಪ್ಪು. ಒಡೆದು ಐದು ನಿಮಿಷ ಆಗಲಿಲ್ಲ."

ಆ ಬಿಲ್ಲೆ ಹೊರದೇಶದಿಂದ ಬರಬೇಕಾದದ್ದು, ಎರಡು ತಿಂಗಳ ಕೆಲಸ ಹೋಯಿತು. ಅವಳ ಮುಖ ಬಿಳುಚಿತ್ತು. ನನಗೋ, ಹೇಳಿದರೆ ತಪ್ಪಾದೀತು, ಎದೆ ಹಗುರವಾಯಿತು. ನನಗೆ ಎಂಟು ದಿನ ಹಿಡಿದ ಮಾತನ್ನು ಈ ಹುಡುಗಿ ಐದು ನಿಮಿಷದೊಳಗೆ ಹೇಳಿದಳು. ಹೇಳಲು ಹುಡುಕಿಕೊಂಡು ಬಂದದ್ದು ನನ್ನನ್ನು. ಚಹಾ ಅಲ್ಲೇ ಬಿಟ್ಟು, "ನಡಿ, ಚೂರು ಹೆಕ್ಕುವ. ಸರ್‌ಗೆ ಇಬ್ಬರೂ ಹೋಗಿ ಹೇಳುವ," ಎಂದೆ.

ಹೊಸ ಬಿಲ್ಲೆ ಬಂದ ಮೇಲೆ ಏಳುಂಗುರದ ಅಣುವನ್ನು ಮೊದಲಿನಿಂದ ಅಳೆದೆವು. ಮೂರು ಖಾಲಿ ಓಟ, ಮೂರು ನಿಜವಾದ ಓಟ. ಯಲ್ಲವ್ವನನ್ನು ಕರೆದು ಪ್ರತಿಯೊಂದು ಬಳೆಯನ್ನೂ ಮೂಸಿಸಿದ ಮೇಲೆಯೇ ಹಾಕುವುದು. "ಇದು ಚೊಲೊ ಐತ್ರಿ, ಹಾಕ್ರಿ," ಎಂದು ಅವಳು ಹೇಳಬೇಕು. ಗೆರೆಗಳು ಬಂದವು, ಈ ಸಲ ಅಣುವಿನದ್ದೇ ಗೆರೆಗಳು. ಜೆಸಿಂತಾ ನಕ್ಷತ್ರದ ಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದೊಂದಾಗಿ ನೋಡಿದಳು. ಯಾವುದೂ ಹೊಂದಲಿಲ್ಲ. ಹತ್ತಿರವೂ ಇರಲಿಲ್ಲ.

"ಇಲ್ಲ ಸರ್," ಎಂದಳು. "ನಾವು ನೋಡಿದ ಕಡೆಯೆಲ್ಲೂ ಇಲ್ಲ."

ಸರ್ ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಕೊನೆಯದನ್ನು ಮೇಜಿನ ಮೇಲಿಟ್ಟು, "ಇದನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಮತ್ತೆ ಮಾಡಿ ನೋಡಲಿ, ಇಲ್ಲವೆಂದೇ ಬರುತ್ತದೆ," ಎಂದರು. "ಒಂದು ಅಣು ಅನುಮಾನದ ಪಟ್ಟಿಯಿಂದ ಹೊರಗೆ ಹೋಯಿತು. ಬರೆಯಿರಿ ಪ್ರಬಂಧ." ಜೆಸಿಂತಾ ಮುಖ ಮುಚ್ಚಿಕೊಂಡು ಕುಳಿತಳು. ಅಳುತ್ತಿದ್ದಾಳೆ ಎಂದುಕೊಂಡೆ, ನಗುತ್ತಿದ್ದಳು.

ಆ ಸಂಜೆ ಸರ್ ನಮ್ಮನ್ನೆಲ್ಲ, ಯಲ್ಲವ್ವನನ್ನೂ ಸೇರಿಸಿ, ಉಡುಪಿಗೆ ಐಸ್‌ಕ್ರೀಮ್ ತಿನ್ನಲು ಕರೆದುಕೊಂಡು ಹೋದರು. ಯಲ್ಲವ್ವ ಮೊದಲು ಹೊರಗೇ ನಿಲ್ಲುತ್ತೇನೆಂದಳು. ಜೆಸಿಂತಾ ಕೈ ಹಿಡಿದು ಎಳೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಸರ್ ನಾಲ್ಕು ಗಡ್‌ಬಡ್ ಹೇಳಿದರು. ಎತ್ತರದ ಗಾಜಿನ ಲೋಟಗಳನ್ನು ತಂದಿಟ್ಟ ಮಾಣಿ ನಮ್ಮ ಮುಖಗಳನ್ನು ನೋಡಿ, "ಎಂತ ವಿಶೇಷ ಸರ್? ಯಾರದ್ದಾದರೂ ಹುಟ್ಟುಹಬ್ಬವಾ?" ಎಂದು ಕೇಳಿದ.

"ಅಲ್ಲ," ಎಂದಳು ಜೆಸಿಂತಾ. "ಒಂದು ವರ್ಷದಿಂದ ಒಂದನ್ನು ಹುಡುಕುತ್ತಿದ್ದೆವು. ಇವತ್ತು ಅದು ಇಲ್ಲ ಎಂದು ಖಾತ್ರಿಯಾಯಿತು."

ಮಾಣಿ ಸ್ವಲ್ಪ ಯೋಚಿಸಿದ. "ಸಿಕ್ಕಿದ್ದರೆ ಎಷ್ಟು ಗಡ್‌ಬಡ್ ಹೇಳ್ತಿದ್ದಿರಿ?"

ಸರ್ ಚಮಚ ಕೆಳಗಿಟ್ಟು, ಲೆಕ್ಕ ಕೇಳಿದವರಿಗೆ ಹೇಳುವಷ್ಟು ಗಂಭೀರವಾಗಿ ಹೇಳಿದರು: "ಇದೇ ನಾಲ್ಕು ಮಾರಾಯ."